ಕ್ಲಚ್ ಇಲ್ಲದ ಪಿಕಪ್

ಶಂಭುವಿಗೆ ಪಾರ್ಶ್ವವಾಯು ಬಡಿದು ಎಡಗಾಲು ಸೋತ ಮೇಲೆ ಬೆಳ್ತಂಗಡಿ ಪಕ್ಕದ ಲಾಯಿಲದ ಆ ಮನೆಯಲ್ಲಿ ಯಾರೂ ಕಾಲು ಹೋಯಿತು ಎನ್ನಲಿಲ್ಲ. ಕ್ಲಚ್ ಹೋಯಿತು ಎಂದೇ ಹೇಳಿದರು. ನೋಡಲು ಬಂದ ನೆಂಟರಿಗೂ ಅದನ್ನೇ ಒಪ್ಪಿಸಿದರು. ಮಾತು ಮೊದಲಿನ ಹಾಗೇ ಇದೆ. ಕೈ ಮೂರು ವಾರದಲ್ಲಿ ತಿರುಗಿ ಬಂತು. ಬಲಗಾಲು ಗಟ್ಟಿ, ಬ್ರೇಕಿಗೂ ಆಕ್ಸಿಲರೇಟರಿಗೂ ಅದೇ ಸಾಕು. ಕ್ಲಚ್ ಒಂದನ್ನು ಒತ್ತಲಾಗುವುದಿಲ್ಲ. ನೆಂಟರು ಕಾಫಿ ಕುಡಿದು, ಅಂಗಳದಲ್ಲಿ ಟರ್ಪಾಲು ಹೊದ್ದು ನಿಂತ ಪಿಕಪ್ಪನ್ನು ನೋಡಿ, ಅಯ್ಯೋ ಪಾಪ ಎಂದು ಎದ್ದು ಹೋಗುತ್ತಿದ್ದರು. ಪಾಪ ಅಂದದ್ದು ಶಂಭುವಿಗೋ ಪಿಕಪ್ಪಿಗೋ ಅವರಿಗೂ ಗೊತ್ತಿರಲಿಕ್ಕಿಲ್ಲ.

ಅದು ಫೋರ್‌ವೀಲ್ ಪಿಕಪ್, ನಾಲ್ಕೂ ಚಕ್ರ ಎಳೆಯುವಂಥದ್ದು. ಚಾರ್ಮಾಡಿ ಕಡೆಯ ಗುಡ್ಡದ ಮೇಲೆ ಯಾರಾದರೂ ಮನೆ ಕಟ್ಟಿಸಿದರೆ ಕೆಂಪುಕಲ್ಲು, ಸಿಮೆಂಟು, ಹಂಚು ಹೊತ್ತು ಹತ್ತಲು ಶಂಭುವನ್ನೇ ಕರೆಯುತ್ತಿದ್ದರು. ಬೇರೆಯವರ ಗಾಡಿ ಅರ್ಧದಲ್ಲಿ ನಿಂತು ಹೊಗೆ ಬಿಡುವ ಕಡೆ ಅವನದು ಹತ್ತುತ್ತಿತ್ತು. ಊರಲ್ಲಿ ಅವನಿಗೆ ಇದ್ದ ಮರ್ಯಾದೆಯೆಲ್ಲ ಆ ಹತ್ತುವುದರದ್ದೇ. ಐವತ್ತೊಂಬತ್ತು ವರ್ಷಕ್ಕೆ ಅದನ್ನು ಬಿಟ್ಟು ಮೂಲೆಯ ಕುರ್ಚಿ ಹಿಡಿ ಎಂದರೆ ಯಾವ ಗಂಡಸು ಕೇಳುತ್ತಾನೆ?

ಮಗ ರೋಹಿತ್ ಬಹ್ರೈನಿನಿಂದ ರಜೆ ಹಾಕಿ ಓಡಿ ಬಂದಿದ್ದ. ಏಪ್ರಿಲ್ ಮುಗಿಯುವುದರೊಳಗೆ ಹಿಂದೆ ಹೋಗದಿದ್ದರೆ ಅಲ್ಲಿಯ ಕೆಲಸ ಕೈಬಿಡುತ್ತದೆ. ಹೋಗುವ ಮೊದಲು ಅಪ್ಪನನ್ನು ಒಂದು ದಾರಿಗೆ ಹಚ್ಚಬೇಕು ಎಂದು ಅವನಿಗೆ ಅವಸರ.

"ಅಪ್ಪ, ಒಂದು ಸಣ್ಣ ಆಟೋಮ್ಯಾಟಿಕ್ ಕಾರು ತೆಗೆಯುವ. ಕ್ಲಚ್ಚೇ ಇರುವುದಿಲ್ಲ."

"ಕಾರಿನಲ್ಲಿ ಎಂತ ತುಂಬಿಸುವುದು? ಪೌಡರ್ ಡಬ್ಬಿಯಾ?"

"ಪೇಟೆಗೆ ಹೋಗ್ಲಿಕ್ಕೆ ಬರ್ಲಿಕ್ಕೆ ಆಗ್ತದಲ್ಲ."

"ನನಗೆ ಪೇಟೆಯಲ್ಲಿ ಎಂತ ಕೆಲಸ? ನನ್ನ ಗಾಡಿಗೇ ಕ್ಲಚ್ ಇಲ್ಲದ ಹಾಗೆ ಮಾಡ್ಲಿಕ್ಕೆ ಆಗ್ತದಾ ಕೇಳು. ಮೂಡಬಿದ್ರೆಯ ನಾಸಿರ್‌ಗೆ ಫೋನ್ ಮಾಡು."

ಅಬ್ದುಲ್ ನಾಸಿರ್ ಶಂಭುವಿನ ಹಳೆಯ ದೋಸ್ತ್. ಪ್ರಾಯದಲ್ಲಿ ಇಬ್ಬರೂ ಒಂದೇ ಲಾರಿಯಲ್ಲಿ ಘಾಟಿ ಹತ್ತಿದವರು. ಈಗ ಅವನಿಗೆ ಮೂಡಬಿದ್ರೆಯಲ್ಲಿ ಸ್ವಂತ ಗ್ಯಾರೇಜು. ಫೋನಿನಲ್ಲಿ ಹೇಳಿದ: "ಆಗ್ಲಿಕ್ಕಿಲ್ಲ ಅಂತ ಹೇಳ್ಲಿಕ್ಕಿಲ್ಲ. ಹಳೆ ಮಾಡೆಲ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬೇಕು. ಹೊಸದ್ದಕ್ಕೆಲ್ಲ ಕಂಪ್ಯೂಟರ್ ಬೇಕು ಮಾರಾಯ, ಅದಕ್ಕೆ ನಮ್ಮ ತಲೆ ಓಡುವುದಿಲ್ಲ. ಹಳೆಯದ್ದಕ್ಕೆ ಎಣ್ಣೆ ಮತ್ತು ಒಂದು ಕೇಬಲ್ ಇದ್ರೆ ಸಾಕು. ಗುಜರಿಯಲ್ಲಿ ಹುಡುಕುವ."

ಅವತ್ತು ಮಧ್ಯಾಹ್ನ ಶಂಭು ಊಟಕ್ಕೆ ಕೂತಾಗ ಮುಖದಲ್ಲಿ ಕಳೆ ಇತ್ತು. ಆದರೂ ಊಟದ ಬಟ್ಟಲು ನೋಡಿ ಗೊಣಗಿದ.

"ಇವತ್ತೂ ಪಲ್ಯ ಇಲ್ವಾ?"

ಹೆಂಡತಿ ರಾಜೀವಿ ಅವನ ಎಡಕ್ಕೆ ಕೂತಿದ್ದಳು. ಮದುವೆಯಾದಂದಿನಿಂದ ಅವಳ ಜಾಗ ಅದೇ, ಅಡುಗೆಕೋಣೆಯ ಬಾಗಿಲು ಆ ಬದಿಗೆ. ಅಲಸಂಡೆ ಪಲ್ಯವನ್ನು ಬಟ್ಟಲಿನ ಎಡಕ್ಕೆ ಬಡಿಸಿದ್ದಳು, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ, ಉಪ್ಪು. ಎಲೆಯಾದರೂ ಬಟ್ಟಲಾದರೂ ಅವು ಎಡಕ್ಕೇ ಬೀಳಬೇಕು ಎಂದು ಅವಳಿಗೆ ಅತ್ತೆ ಕಲಿಸಿದ್ದು.

"ಹಾಕಿದ್ದೇನಲ್ಲ. ಕಾಣುವುದಿಲ್ವಾ?"

ಶಂಭು ತಿರುಗಿ ನೋಡದೆ ಬಲಬದಿಯ ಅನ್ನವನ್ನೂ ಬಂಗುಡೆ ಮೀನಿನ ಸಾರನ್ನೂ ಉಂಡು, ಅರ್ಧ ಬಟ್ಟಲು ಬಿಟ್ಟು ಎದ್ದ. ಸೊಸೆ ನವ್ಯಾ ಅವನಿಗೆ ಕೋಲು ಕೊಟ್ಟು ಕೈ ತೊಳೆಸಲು ಕರೆದುಕೊಂಡು ಹೋದಳು. ರಾಜೀವಿ ಉಳಿದ ಪಲ್ಯವನ್ನು ನಾಯಿಗೆ ಹಾಕಿದಳು.

ಇದು ದಿನವೂ ನಡೆಯುತ್ತಿತ್ತು. ಅವನು ಹೀಗೆ ಮಾಡುವುದು ಯಾಕೆ ಎಂದು ರಾಜೀವಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಮಂಚದ ಪಕ್ಕ ಕೂತು ಅವಳೊಂದು ಮಾತು ಆಡಿದ್ದಳು: "ಇನ್ನು ಗಾಡಿ ಸಾಕು ಮಾರ್ರೆ. ಅದನ್ನು ಮಾರಿ ಬಿಡುವ." ಅವನು ಮುಖ ಆಚೆ ಮಾಡಿ ಮಲಗಿದ್ದ. ಅಲ್ಲಿಂದ ಅವನಿಗೆ ಅವಳ ಮೇಲೆ ಸಿಟ್ಟು. ಹತ್ತು ಸಲ ಮಾತಾಡಿಸಿದರೆ ಒಮ್ಮೆ ಉತ್ತರ. ಮಲಗುವಾಗಲೂ ಬೆನ್ನು. ಬಡಿಸಿದ್ದನ್ನೂ ಬೇಕೆಂದೇ ಮುಟ್ಟುವುದಿಲ್ಲ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಎಷ್ಟೋ ಜಗಳ ಆಗಿತ್ತು, ಬಡಿಸಿದ ಅನ್ನದ ಮೇಲೆ ಅವನು ಸಿಟ್ಟು ತೋರಿಸಿದ್ದಿಲ್ಲ. ಅವಳಿಗೆ ಅದರಿಂದ ತುಂಬ ನೋವಾಗಿತ್ತು. ಮೊದಮೊದಲು ಪಾತ್ರೆ ತಿಕ್ಕುವಾಗ ಅಳುತ್ತಿದ್ದಳು. ಆಮೇಲಾಮೇಲೆ ಅದೂ ನಿಂತು, ಪಾತ್ರೆ ಮಾತ್ರ ತಿಕ್ಕತೊಡಗಿದಳು.

ಎಲ್ಲ ಸರಿಯಾಗಲು ಅವಳಿಗೆ ಒಂದೇ ದಾರಿ ಕಂಡಿತು. ಯಾರಿಗೂ ಹೇಳದೆ ತಾನೇ ನಾಸಿರ್‌ಗೆ ಫೋನ್ ಮಾಡಿದಳು.

"ಅದೊಂದು ಬೇಗ ಮಾಡಿ ಕೊಡಿ. ಇವರು ಗಾಡಿ ಹತ್ತಿದ್ರೆ ಮತ್ತೆ ಮನುಷ್ಯ ಆಗ್ತಾರೆ."

"ರಾಜೀವಕ್ಕ, ಗಾಡಿ ಮಾರ್ಬೇಕು ಅಂತ ಹೇಳಿದ್ದು ನೀವೇ ಅಂತೆ?"

"ಹೇಳಿದ್ದು ಹೌದು. ಈಗ ಹೇಳುವುದಿಲ್ಲ."

ಬಂಟ್ವಾಳದ ಒಂದು ಗುಜರಿಯಲ್ಲಿ ರೋಹಿತ್ ಮತ್ತು ನಾಸಿರ್ ಎರಡು ದಿನ ಬಿಸಿಲಲ್ಲಿ ಅಲೆದರು. ಮೊದಲು ಸಿಕ್ಕಿದ ಗೇರ್‌ಬಾಕ್ಸ್ ಚೆನ್ನಾಗಿಯೇ ಇತ್ತು. ಆದರೆ ಫೋರ್‌ವೀಲ್ ಗಾಡಿಯಲ್ಲಿ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ, ಮುಂದಿನ ಚಕ್ರಕ್ಕೆ ಶಕ್ತಿ ಹೋಗುವುದು ಅದರಿಂದ. ಅದರ ಶಾಫ್ಟ್ ಇಳಿಯುವ ಬದಿ ಇವರ ಪಿಕಪ್ಪಿನ ಬದಿಗೆ ಕೂಡುತ್ತಿರಲಿಲ್ಲ. ನಾಸಿರ್ ಬಗ್ಗಿ ನೋಡಿ ತಲೆಯಾಡಿಸಿದ. ಎರಡನೆಯ ದಿನ ಮೂಲೆಯಲ್ಲಿ ಮಗುಚಿ ಬಿದ್ದಿದ್ದ ಹಳೆಯ ಫಾರಿನ್ ಜೀಪೊಂದರ ಹೊಟ್ಟೆಯಲ್ಲಿ ಬೇಕಾದದ್ದು ಸಿಕ್ಕಿತು. ನಾಲ್ಕು ಗೇರಿನದ್ದು. ಒಳಗಿನ ಎಣ್ಣೆಯನ್ನು ನಾಸಿರ್ ಬೆರಳಿಗೆ ಹಚ್ಚಿ ಮೂಸಿದ. ಸುಟ್ಟ ವಾಸನೆ ಇರಲಿಲ್ಲ.

"ಇದು ಆಗ್ತದೆ. ಇಪ್ಪತ್ತೈದು ವರ್ಷ ಹಳೆಯದ್ದು, ಆದ್ರೂ ನಮ್ಮಿಬ್ಬರಿಗಿಂತ ಗಟ್ಟಿ ಉಂಟು ಅಂತ ಹೇಳು ನಿನ್ನ ಅಪ್ಪನಿಗೆ" ಎಂದ.

ಮಾರನೆಯ ದಿನ ರೋಹಿತ್ ಪಿಕಪ್ಪನ್ನು ಮೂಡಬಿದ್ರೆಗೆ ಬಿಟ್ಟು ಬಂದ. ಅಂಗಳ ಖಾಲಿಯಾಯಿತು. ಶಂಭುವಿಗೆ ಮನೆಯಲ್ಲಿ ಕೂರಲಾಗಲಿಲ್ಲ. ವಾರಕ್ಕೆರಡು ಸಲ ಬಾಡಿಗೆ ಕಾರು ಮಾಡಿಸಿಕೊಂಡು ಗ್ಯಾರೇಜಿಗೆ ಹೋಗಿ ಕೂತ. ನಾಸಿರ್ ಅವನಿಗೆ ಗೋಡೆ ಬದಿಯಲ್ಲಿ ಒಂದು ಕುರ್ಚಿ ಹಾಕಿಸಿದ್ದ. ಎಡಕ್ಕೆ ಗೋಡೆ, ಬಲಕ್ಕೆ ಪಿಕಪ್ಪು. ಗ್ಯಾರೇಜಿನ ಹಿಂದೆಯೇ ನಾಸಿರ್‌ನ ಮನೆ. ಅವನ ತಾಯಿ ಬೀಯಮ್ಮ ಹತ್ತು ಗಂಟೆಗೆ ಬಂದು ಶಂಭುವಿನ ಬಲಗೈಗೆ ಚಾ ಕೊಡುತ್ತಿದ್ದಳು. ಎಂಬತ್ತು ದಾಟಿದ ಮುದುಕಿ, ಶಂಭುವನ್ನು ಇನ್ನೂ ಲಾರಿಯ ಕಾಲದ ಹುಡುಗ ಎಂದೇ ತಿಳಿದವಳು.

"ಬೆಲ್ಲ ಸಾಕಾ ಮಗ?"

"ಸಾಕಮ್ಮ. ನಿಮ್ಮ ಮಗ ಕೆಲಸ ಬೇಗ ಮಾಡುವುದಿಲ್ಲ, ಅವನಿಗೆ ಹೇಳಿ."

ಕೆಲಸ ನಿಜವಾಗಿಯೂ ಬೇಗ ಆಗುವಂಥದ್ದಲ್ಲ. ಇಲ್ಲಿಯ ಎಂಜಿನ್ನಿಗೂ ಎಲ್ಲಿಯದೋ ಗೇರ್‌ಬಾಕ್ಸಿಗೂ ಬೋಲ್ಟಿನ ತೂತು ಕೂಡುವುದಿಲ್ಲ. ನಡುವೆ ಕೂರಿಸಲು ಲೇತಿನಲ್ಲಿ ಒಂದು ದಪ್ಪ ಪ್ಲೇಟು ಮಾಡಿಸಿದರು. ಮೊದಲನೆಯದು ಕೂದಲಷ್ಟು ವಾರೆಯಾಗಿ, ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಕರಕರ ಎಂದಿತು. ಕುರ್ಚಿಯಲ್ಲಿದ್ದ ಶಂಭುವೇ ಮೊದಲು ಕೂಗಿದ್ದು: "ಆಫ್ ಮಾಡು, ಆಫ್ ಮಾಡು, ಸೆಂಟರ್ ತಪ್ಪಿದೆ!" ಪುನಃ ಬಿಚ್ಚಿದರು. ಎರಡನೆಯ ಪ್ಲೇಟು ಕೂತಿತು. ಗೇರ್‌ಬಾಕ್ಸ್ ಉದ್ದವಾದ್ದರಿಂದ ಹಿಂದಿನ ಶಾಫ್ಟನ್ನು ಕಡಿದು ಗಿಡ್ಡ ಮಾಡಿಸಿ, ಮುಂದಿನದನ್ನು ಉದ್ದ ಮಾಡಿಸಿ, ಎಣ್ಣೆ ತಣಿಸುವ ಪೈಪು ಎಳೆದು, ಕ್ಯಾಬಿನ್ನಿನ ನೆಲಕ್ಕೆ ಹೊಸ ತೂತು ಕೊರೆದು ಲಿವರ್ ಕೂರಿಸಿದರು. ಕೊನೆಗೆ ನಾಸಿರ್ ಕ್ಲಚ್ಚಿನ ಪೆಡಲನ್ನು ಬಿಚ್ಚಿ ತಂದು ಶಂಭುವಿನ ಮಡಿಲಲ್ಲಿಟ್ಟ.

"ತಗೊ. ಮನೆಯಲ್ಲಿ ಪೂಜೆಗೆ ಇಡು."

ಶಂಭು ನಕ್ಕದ್ದನ್ನು ಎರಡು ತಿಂಗಳಲ್ಲಿ ಮೊದಲ ಸಲ ನೋಡಿದೆ ಎಂದು ರೋಹಿತ್ ಮನೆಗೆ ಬಂದು ಹೇಳಿದ. ರಾಜೀವಿ ನೀರುದೋಸೆ ಹೊಯ್ಯುತ್ತ ಕೇಳಿಸಿಕೊಂಡಳು. ಅವಳಿಗೆ ಹೊಟ್ಟೆಕಿಚ್ಚಾಯಿತು. ಅಲ್ಲಿ ನಗುವವನು ಇಲ್ಲಿ ಬಾಯಿ ಬಿಡುವುದಿಲ್ಲ.

ಗಾಡಿ ಗುರುವಾರ ಕೈಗೆ ಸಿಗುವುದೆಂದಾಯಿತು. ರೋಹಿತನ ಟಿಕೆಟು ಭಾನುವಾರಕ್ಕೆ. ಆ ವಾರದ ಸೋಮವಾರ ರೋಹಿತ್ ಬೆಳ್ತಂಗಡಿಗೆ ಹೋಗಿದ್ದ, ನವ್ಯಾ ಅಲ್ಲಿಯೇ ಬಟ್ಟೆ ಅಂಗಡಿಯ ಕೆಲಸಕ್ಕೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಶಂಭು ಎಂದಿನಂತೆ ಬಲಬದಿಯಷ್ಟನ್ನೇ ಉಂಡು, "ತೊಂಡೆಕಾಯಿ ವಾಸನೆ ಬಂತು, ಪಲ್ಯ ಮಾತ್ರ ಇಲ್ಲ" ಎಂದು ಗೊಣಗಿದ. ರಾಜೀವಿಗೆ ತಲೆ ಕೆಟ್ಟಿತು. ಬಟ್ಟಲನ್ನು ಕಿತ್ತುಕೊಳ್ಳಲು ಕೈ ಹಾಕಿದಳು. ಅವನು ಇನ್ನೊಂದು ಬದಿಯನ್ನು ಹಿಡಿದಿದ್ದರಿಂದ ಅದು ಮೇಜಿನ ಮೇಲೆ ಅರ್ಧ ಸುತ್ತು ತಿರುಗಿ ನಿಂತಿತು.

"ಓ, ಉಂಟಲ್ಲ!" ಎಂದ ಶಂಭು. "ಮೊದಲೇ ಇಡುವುದಲ್ವಾ ಮಾರಾಯ್ತಿ?"

ಪಲ್ಯವನ್ನೂ ಉಪ್ಪಿನಕಾಯಿಯನ್ನೂ ಉಳಿದ ಅನ್ನವನ್ನೂ ಕಲಸಿ ಚಪ್ಪರಿಸಿ ಉಂಡ. ರಾಜೀವಿ ನಿಂತೇ ಇದ್ದಳು. ಆಮೇಲೆ ಮೇಜನ್ನು ಸುತ್ತಿ ಬಂದು ಅವನ ಬಲಕ್ಕೆ ನಿಂತು ಮೆಲ್ಲಗೆ ಕೇಳಿದಳು.

"ಮಜ್ಜಿಗೆ ಬೇಕಾ?"

"ಸ್ವಲ್ಪ ಹಾಕು. ಎಲ್ಲಿಗೆ ಹೋಗಿದ್ದೆ ನೀನು? ಈಗೀಗ ಮನೆಯಲ್ಲಿ ಕಾಣುವುದೇ ಇಲ್ಲ."

ಮಜ್ಜಿಗೆ ತರುವ ನೆಪದಲ್ಲಿ ಅವಳು ಒಳಗೆ ಹೋಗಿ ಎಡಬದಿಗೆ ಬಂದು ನಿಂತು ಪುನಃ ಮಾತಾಡಿಸಿದಳು. ಅವನು ತಿರುಗಲಿಲ್ಲ. ಬಲಕ್ಕೆ ಬಂದಳು. "ಮಾವಿನಮಿಡಿ ಈ ಸಲ ಒಳ್ಳೆ ಬಂದಿದೆ" ಎಂದ. ಹೀಗೆ ನಾಲ್ಕು ಸಲ ಆ ಬದಿ ಈ ಬದಿ ನಡೆದಳು. ಅವನಿಗೆ ಸಿಟ್ಟೇ ಇರಲಿಲ್ಲ. ಎಡಕ್ಕೆ ಕೂತ ಹೆಂಡತಿಯನ್ನು ಅವನು ಎರಡು ತಿಂಗಳಿಂದ ಕಂಡೇ ಇರಲಿಲ್ಲ, ಅಷ್ಟೆ. ಅವಳಿಗೆ ಮೊದಲು ಆದದ್ದು ಖುಷಿ. ಆ ಖುಷಿಗೆ ಆಮೇಲೆ ಅವಳು ತನ್ನನ್ನೇ ಎಷ್ಟೋ ಸಲ ಬೈದುಕೊಂಡಳು.

ಮಧ್ಯಾಹ್ನವೆಲ್ಲ ಅವನ ಬಲಕ್ಕೆ ಕೂತು ಅದೂ ಇದೂ ಮಾತಾಡಿದಳು. ಸಂಜೆ ರಸ್ತೆಯಲ್ಲಿ ಶಾಲೆ ಮಕ್ಕಳು ಸಾಲಾಗಿ ಎಡಬದಿಯಲ್ಲಿ ಹೋಗುವುದು ಕಂಡಾಗ ಅವಳಿಗೆ ಗುರುವಾರ ಬರುವ ಗಾಡಿಯ ನೆನಪಾಯಿತು.

ನವ್ಯಾ ಕೆಲಸದಿಂದ ಬಂದವಳು ಅತ್ತೆಯ ಮಾತು ಕೇಳಿ ಆಸ್ಪತ್ರೆಯ ಫೈಲು ತೆಗೆದಳು. ಹನ್ನೊಂದು ಹಾಳೆ, ಎಲ್ಲ ಇಂಗ್ಲಿಷಿನಲ್ಲಿ. ಮಾತ್ರೆಯ ಪಟ್ಟಿ ಇದ್ದ ಕೊನೆಯ ಹಾಳೆ ಬಿಟ್ಟು ಉಳಿದದ್ದನ್ನು ಯಾರೂ ಓದಿರಲಿಲ್ಲ. ಎಂಟನೆಯ ಹಾಳೆಯಲ್ಲಿ ಅವಳು ನಿಂತಳು.

"ಬರೆದಿದ್ದಾರೆ ಅತ್ತೆ. ಎಡಬದಿಯ ಕಡೆಗೆ ಗಮನ ಇಲ್ಲ, ರೋಗಿಗೆ ಅದರ ಅರಿವೂ ಇಲ್ಲ, ಗಾಡಿ ಓಡಿಸಬಾರದು ಅಂತ."

ರೋಹಿತ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. "ಡ್ರೈವಿಂಗ್ ಬೇಡ ಅಂತ ಡಾಕ್ಟರು ನನಗೂ ಹೇಳಿದ್ರು. ಕಾಲಿನಿಂದಾಗಿ ಅಂತ ತಿಳ್ಕೊಂಡೆ."

"ಈಗ ಗೊತ್ತಾಯ್ತಲ್ಲ. ಅಪ್ಪನಿಗೆ ಹೇಳು" ಎಂದಳು ರಾಜೀವಿ.

"ಎಂತ ಹೇಳುವುದು? ಎಲ್ಲ ಮುಗಿದು ಗುರುವಾರ ಗಾಡಿ ಬರ್ತದೆ. ನಾಸಿರಣ್ಣ ಒಂದು ತಿಂಗಳು ಬೇರೆ ಕೆಲಸ ಬಿಟ್ಟು ಮಾಡಿದ್ದಾರೆ."

"ಗಾಡಿ ಬರ್ಲಿ. ಮಾವ ಓಡಿಸುವುದು ಬೇಡ" ಎಂದಳು ನವ್ಯಾ.

"ಗ್ಯಾರೇಜಿನ ಅಂಗಳದಲ್ಲಿ ಒಂದು ಸುತ್ತು ಹೊಡೀಲಿ ಮಾರಾಯ್ತಿ! ಅಷ್ಟು ಆಸೆಯಲ್ಲಿದ್ದಾರೆ. ನಾವೆಲ್ಲ ಇರ್ತೇವಲ್ಲ. ಆಮೇಲೆ ಮೆಲ್ಲ ಹೇಳುವ."

"ಆಮೇಲೆ ಅಂದ್ರೆ ಯಾವಾಗ? ನೀವು ವಿಮಾನ ಹತ್ತಿದ ಮೇಲಾ?"

"ನೀನು ಸುಮ್ಮನಿರು ಸ್ವಲ್ಪ."

"ಅತ್ತೆ, ನೀವಾದ್ರೂ ಹೇಳಿ."

ರಾಜೀವಿ ಹೇಳಬೇಕಿತ್ತು. ಅವಳು ಹೇಳಲಿಲ್ಲ. ಗಂಡನ ಮಾತು ಅವಳಿಗೆ ಸಿಕ್ಕಿ ಅರ್ಧ ದಿನವೂ ಆಗಿರಲಿಲ್ಲ. ಒಮ್ಮೆ ಗಾಡಿ ಬೇಡ ಎಂದದ್ದಕ್ಕೆ ಎರಡು ತಿಂಗಳ ಶಿಕ್ಷೆ ಅನುಭವಿಸಿದೆ ಎಂಬ ಹೆದರಿಕೆ, ಅದು ಸುಳ್ಳೆಂದು ಗೊತ್ತಾದ ಮೇಲೂ ಮೈಯಿಂದ ಹೋಗಿರಲಿಲ್ಲ. "ಅಂಗಳದಲ್ಲಿ ಒಂದು ಸುತ್ತಲ್ವಾ" ಎಂದು ಬಸಳೆ ಸಾರಿನ ಪಾತ್ರೆ ಇಳಿಸಿದಳು. ಮಂಗಳವಾರ, ಬುಧವಾರ ಎರಡು ದಿನ ಬಲಕ್ಕೆ ಕೂತು ಬಡಿಸಿದಳು, ಎಲ್ಲವನ್ನೂ ಬಟ್ಟಲಿನ ಬಲಕ್ಕೇ. ಶಂಭು ಖಾಲಿ ಮಾಡಿ ಉಂಡ. ಗುಡ್ಡದ ಕತೆಗಳನ್ನೆಲ್ಲ ಹೇಳಿದ. ಅವಳು ನಕ್ಕಳು.

ಗುರುವಾರ ರಾಜೀವಿಯೂ ಮೂಡಬಿದ್ರೆಗೆ ಹೋದಳು. ನವ್ಯಾ ಬರಲಿಲ್ಲ; ನನಗೆ ಅದನ್ನು ನೋಡಲಿಕ್ಕಾಗುವುದಿಲ್ಲ ಎಂದಳು. ನಾಸಿರ್ ಪಿಕಪ್ಪನ್ನು ತೊಳೆದು ನಿಲ್ಲಿಸಿದ್ದ. ಶಂಭು ಕೋಲನ್ನು ಮಗನಿಗೆ ಕೊಟ್ಟು, ಬಾಗಿಲು ಹಿಡಿದು, ಒಳ್ಳೆಯ ಕಾಲಿನ ಬಲದಲ್ಲಿ ಮೇಲೆ ಹತ್ತಿದ. ಸ್ಟಿಯರಿಂಗನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ರಾಜೀವಿ ಪಕ್ಕದ ಸೀಟಿಗೆ ಹತ್ತಿದಳು, ಅಂದರೆ ಅವನ ಎಡಕ್ಕೆ.

"ಬ್ರೇಕ್ ಒತ್ತಿ ಹಿಡಿ, ಲಿವರ್ ಡಿಗೆ, ಅಂದ್ರೆ ಡ್ರೈವಿಗೆ ಎಳಿ, ಬ್ರೇಕ್ ಬಿಡು. ಮತ್ತೆ ಎಂತ ಇಲ್ಲ" ಎಂದ ನಾಸಿರ್ ಬಲಬದಿಯ ಕಿಟಕಿಯಲ್ಲಿ.

ಶಂಭುವಿನ ಎಡಗೈ ನೋಡದೆಯೇ ಲಿವರನ್ನು ಹುಡುಕಿಕೊಂಡಿತು. ಅಷ್ಟು ವರ್ಷದ ಕೈ. ಗಾಡಿ ಒಂದು ಸಣ್ಣ ತಳ್ಳು ಕೊಟ್ಟು ತಾನಾಗಿ ಮುಂದೆ ಸರಿಯಿತು. ಗೇರು ಬಿದ್ದದ್ದು ಗೊತ್ತಾಗಲಿಲ್ಲ. ಅಂಗಳದಲ್ಲಿ ಬಲಕ್ಕೆ ತಿರುಗಿ ಒಂದು ಸುತ್ತು ಬಂದ. ನಾಸಿರ್ ಚಪ್ಪಾಳೆ ತಟ್ಟಿದ. ರೋಹಿತ್ ಮೊಬೈಲಿನಲ್ಲಿ ವಿಡಿಯೋ ಹಿಡಿದ.

"ಬೆಣ್ಣೆ ಹಾಗೆ ಹೋಗ್ತದೆ ಇವಳೇ!" ಎಂದ ಶಂಭು. ಅವನ ಕಣ್ಣಲ್ಲಿ ನೀರಿತ್ತು.

"ಸಾಕು, ನಿಲ್ಲಿಸಿ ಇನ್ನು" ಎಂದಳು ರಾಜೀವಿ ಎಡದಿಂದ.

ಕೇಳಿಸಿತೋ ಇಲ್ಲವೋ. ಗೇಟು ತೆರೆದೇ ಇತ್ತು. ಯಾರಾದರೂ ಏನಾದರೂ ಹೇಳುವ ಮೊದಲೇ ಪಿಕಪ್ಪು ಗೇಟು ದಾಟಿ ಓಣಿಗಿಳಿಯಿತು. ಬಲಗಡೆಯ ಕಂಪೌಂಡಿನಿಂದ ಸರಿಯಾದ ಅಂತರ ಬಿಟ್ಟು, ಎಡಕ್ಕೆ ವಾಲುತ್ತ ವಾಲುತ್ತ ಹೋಯಿತು. ಎಡಬದಿಯ ಅಂಚಿನಲ್ಲಿ ಬೀಯಮ್ಮ ಸೊಪ್ಪಿನ ಚೀಲ ಹಿಡಿದು ಎದುರಿಗೆ ಬರುತ್ತಿದ್ದಳು. ಶಂಭುವಿನ ಗಾಡಿ ಎಂದು ಗೊತ್ತಾಗಿ, ನಿಲ್ಲಿಸುತ್ತಾನೆ ಎಂದು ನಿಂತು ನಗುತ್ತಿದ್ದಳು.

"ಎಡ! ಎಡಕ್ಕೆ ನೋಡಿ!" ರಾಜೀವಿ ಕಿರುಚಿದಳು. ಅವನು ನೋಡಲಿಲ್ಲ. ಅವಳು ನಡುವೆ ಇದ್ದ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆದಳು.

ಪಿಕಪ್ಪು ಕಿರ್ರೆಂದು ನಿಂತಿತು. ಎಡಬದಿಯ ಕನ್ನಡಿ ಬೀಯಮ್ಮನ ಹೆಗಲಿಗೆ ತಾಗಿ ಮಡಚಿಕೊಂಡಿತ್ತು. ಮುದುಕಿ ಗೋಡೆಗೆ ಒರಗಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಸೊಪ್ಪು ಚಕ್ರದ ಕೆಳಗಿತ್ತು.

ಶಂಭು ಹೆಂಡತಿಯ ಕಡೆ ಅಲ್ಲ, ಎದುರಿಗೆ ನೋಡಿ ರೇಗಿದ. "ಬ್ರೇಕ್ ಯಾಕೆ ಎಳೆದದ್ದು? ರಸ್ತೆಯಲ್ಲಿ ಒಂದು ನಾಯಿ ಸಹ ಇಲ್ಲ!"

"ನಾನಿದ್ದೇನೆ ಮಗ, ಇಲ್ಲಿ" ಎಂದಳು ಬೀಯಮ್ಮ.

ಶಂಭು ಆ ದನಿ ಕೇಳಿ ತಲೆ ತಿರುಗಿಸಿದ, ಬಲಕ್ಕೆ. ಕಿಟಕಿಯಿಂದ ತಲೆ ಹೊರಹಾಕಿ ಬಲಗಡೆಯ ಕಂಪೌಂಡಿನ ಉದ್ದಕ್ಕೂ ಹುಡುಕಿದ.

"ಎಲ್ಲಿದ್ದೀರಿ ಅಮ್ಮ?"

ನಾಸಿರ್ ಓಡಿ ಬಂದು ತಾಯಿಯನ್ನು ಹಿಡಿದುಕೊಂಡ. ಶಂಭು ಹುಡುಕುವುದನ್ನು ನೋಡಿ ಅವನ ಬಾಯಿಂದ ಬರಬೇಕಿದ್ದ ಬೈಗಳು ಬರಲಿಲ್ಲ. ರೋಹಿತನ ಕೈಯಲ್ಲಿ ಮೊಬೈಲು ಹಾಗೇ ಇತ್ತು. ರಾಜೀವಿ ಇಳಿದು, ಗಾಡಿಯನ್ನು ಸುತ್ತಿ, ಬಲಬದಿಯ ಕಿಟಕಿಗೆ ಬಂದಳು.

"ನಿಮಗೆ ಎಡಬದಿ ಗೊತ್ತಾಗುವುದಿಲ್ಲ. ಕಣ್ಣಿಗೆ ಎಂತ ಆಗಿಲ್ಲ, ತಲೆಗೆ ಆದದ್ದು. ಬೀಯಮ್ಮ ಎಡಬದಿಯಲ್ಲಿ ನಿಂತಿದ್ರು. ಇನ್ನು ನೀವು ಗಾಡಿ ಓಡಿಸುವುದು ಬೇಡ."

"ಸುಳ್ಳು. ನನಗೆ ಎಲ್ಲ ಕಾಣ್ತದೆ."

"ಡಾಕ್ಟರು ಬರೆದಿದ್ದಾರೆ. ನಾನೂ ನೋಡಿದ್ದೇನೆ."

"ಯಾವಾಗ ನೋಡಿದ್ದು?"

"ಸೋಮವಾರ."

ಶಂಭು ಅವಳನ್ನೇ ನೋಡಿದ. "ಸೋಮವಾರದಿಂದ ಗೊತ್ತುಂಟು. ಗೊತ್ತಿದ್ದೂ ಇವತ್ತು ನನ್ನನ್ನು ಹತ್ತಿಸಿದ್ದಾ?"

ಅವನು ಕೀಲಿ ತಿರುಗಿಸಿ ಎಂಜಿನ್ ಆಫ್ ಮಾಡಿದ.

ಬೀಯಮ್ಮನ ಹೆಗಲು ಒಂದು ವಾರ ಊದಿಕೊಂಡಿತ್ತು, ಆಮೇಲೆ ಇಳಿಯಿತು. ರಾಜೀವಿ ನೋಡಲು ಹೋದಾಗ ಮುದುಕಿ, "ಸೊಪ್ಪು ಹೋಯ್ತಲ್ಲ, ಅದು ಬೇಜಾರು" ಎಂದು ನಕ್ಕಳು. ನಾಸಿರ್ ಮಾತ್ರ ನಗಲಿಲ್ಲ. "ನನಗಾದ್ರೂ ಒಂದು ಮಾತು ಹೇಳ್ಬಹುದಿತ್ತು ರಾಜೀವಕ್ಕ" ಎಂದಷ್ಟೇ ಎಂದ.

ರೋಹಿತ್ ಟಿಕೆಟನ್ನು ಹತ್ತು ದಿನ ಮುಂದೆ ಹಾಕಿಸಿದ. ನಾಚಿಕೆಯಿಂದ ಹಾಕಿಸಿದ್ದು, ಬೇರೆ ಕಾರಣ ಇರಲಿಲ್ಲ. ನವ್ಯಾ ಮದುವೆಗೆ ಮೊದಲೇ ಕಾರಿನ ಲೈಸೆನ್ಸು ಮಾಡಿಸಿದ್ದಳು, ಓಡಿಸಿದ್ದು ಸ್ಕೂಟರು ಮಾತ್ರ. "ನಾನು ಓಡಿಸ್ತೇನೆ. ಸುಮ್ಮನೆ ಬಟ್ಟೆ ಮಡಚಿ ಮಡಚಿ ನನಗೂ ಸಾಕಾಗಿದೆ" ಎಂದಳು. ಬೆಳಿಗ್ಗೆ ಮೈದಾನದಲ್ಲಿ ರೋಹಿತ್ ಕಲಿಸಿದ. "ಇದು ಸ್ಕೂಟರಿನ ಹಾಗೇ ಉಂಟಲ್ಲ, ಗೇರಿನ ಗಲಾಟೆಯೇ ಇಲ್ಲ" ಎಂದು ಎರಡನೆಯ ದಿನವೇ ಹೇಳಿದಳು. ಗೇರ್‌ಬಾಕ್ಸ್ ಬದಲಿಸಿದ್ದರ ಕಾಗದಪತ್ರಕ್ಕೆ ಆರ್‌ಟಿಒ ಕಚೇರಿಗೆ ನಾಲ್ಕು ಸಲ ಅಲೆದು ಅದೂ ಮುಗಿಯಿತು. ರೋಹಿತ್ ವಿಮಾನ ಹತ್ತಿದ. ಅಂಗಡಿ ಬಿಟ್ಟ ನವ್ಯಾ ಮೊದಲು ಸಿಮೆಂಟು, ಆಮೇಲೆ ಕೆಂಪುಕಲ್ಲು ಸಾಗಿಸತೊಡಗಿದಳು. ಕಲ್ಲು ಇಳಿಸುವವರು ಮೊದಲ ವಾರ ಬಾಯಿಗೆ ಕೈ ಇಟ್ಟು ನಕ್ಕರು, ಎರಡನೆಯ ವಾರ ನಕ್ಕವರಿಲ್ಲ.

ಶಂಭು ಅದನ್ನೆಲ್ಲ ಜಗಲಿಯಲ್ಲಿ ಕೂತು ನೋಡಿದ. ನೋಡಿದ ಎಂದರೆ, ಕುರ್ಚಿಯ ಬಲಕ್ಕೆ ಬಂದಷ್ಟನ್ನು ನೋಡಿದ. ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ ಉತ್ತರ ಕೊಡುತ್ತಿದ್ದ, ಸೊಸೆಗೆ ಹೂಂ ಉಹೂಂ ಎನ್ನುತ್ತಿದ್ದ. ಎಡಬದಿಯ ಮಾತು ತೆಗೆದರೆ, "ಡಾಕ್ಟರಿಗೆ ಮರುಳು" ಎಂದು ಕಣ್ಣು ಮುಚ್ಚುತ್ತಿದ್ದ. ರಾಜೀವಿಯೊಡನೆ ಒಂದು ಶಬ್ದ ಇಲ್ಲ. ಈಗ ಅವಳಿಗೆ ಸಂಶಯಕ್ಕೆ ಜಾಗವೇ ಇರಲಿಲ್ಲ. ಅವಳು ಬಲಕ್ಕೇ ಕೂರುತ್ತಿದ್ದಳು, ಅವನು ಅವಳನ್ನು ನೋಡುತ್ತಿದ್ದ, ಅವಳ ಮಾತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ, ಆಮೇಲೆ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಅವನ ಸಿಟ್ಟು ನ್ಯಾಯದ್ದು ಎಂದು ಅವಳಿಗೂ ಗೊತ್ತಿತ್ತು. ಅದಕ್ಕೇ ಅಳು ಬರಲಿಲ್ಲ. ಕೂತು ಕೂತು ಕಾಲಿಗೆ ಜೋಮು ಹಿಡಿಯುವ ಹಾಗೆ ಅವಳಿಗೆ ಒಳಗೆಲ್ಲ ಜೋಮು ಹಿಡಿದಿತ್ತು. ಗಂಜಿ ಬೇಯಿಸಿದಳು, ಬಟ್ಟೆ ಒಗೆದಳು, ಮಾತ್ರೆ ಕೊಟ್ಟಳು. ಹೀಗೆ ಇಪ್ಪತ್ತೆರಡು ದಿನ ಹೋಯಿತು.

ಮೇ ಮೊದಲ ವಾರ. ಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು; ನವ್ಯಾ ಬೆಳಗಿನಿಂದ ಕಲ್ಲು ಸಾಗಿಸುತ್ತಿದ್ದಳು. ಸಂಜೆ ಐದರ ಹೊತ್ತಿಗೆ ಕೊನೆಯ ಟ್ರಿಪ್ಪು ಮುಗಿಸಿ ಖಾಲಿ ಪಿಕಪ್ಪನ್ನು ಇಳಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ, ಕೈಕಾಲು ತೊಳೆಯಲು ಹಿಂದಿನ ನಲ್ಲಿಗೆ ಹೋದಳು. ಜಗಲಿಯಲ್ಲಿ ಶಂಭು ಕುರ್ಚಿಯಲ್ಲಿ, ಅವನ ಬಲಕ್ಕೆ ನೆಲದಲ್ಲಿ ಕೂತು ರಾಜೀವಿ ಹಲಸಿನ ಬೀಜ ಸುಲಿಯುತ್ತಿದ್ದಳು.

ಶಂಭು ಮೂಗು ಎತ್ತಿ ಗಾಳಿ ಎಳೆದುಕೊಂಡ. ಇನ್ನೊಮ್ಮೆ ಎಳೆದುಕೊಂಡ.

"ಇವಳೇ."

ರಾಜೀವಿಯ ಕೈ ನಿಂತಿತು.

"ಬ್ರೇಕ್ ಸುಟ್ಟ ವಾಸನೆ. ಅವಳು ಗುಡ್ಡ ಇಳಿಯುವಾಗಲೂ ಡಿಯಲ್ಲೇ ಇಟ್ಟು ಬ್ರೇಕ್ ಒತ್ತಿಕೊಂಡು ಬರುವುದು. ಆ ಗೇರ್‌ಬಾಕ್ಸಿನಲ್ಲಿ ಲಿವರನ್ನು ಎರಡನೇ ಗೇರಿಗೆ ಎಳೆದು ಇಳಿಸ್ಬೇಕು, ಎಂಜಿನೇ ಗಾಡಿಯನ್ನು ಹಿಡಿದು ನಿಲ್ಲಿಸ್ತದೆ. ಕಡಿದಾದಲ್ಲಿ ಒಂದಕ್ಕೆ. ಹೀಗೇ ಮಾಡಿದ್ರೆ ಮಳೆಗಾಲಕ್ಕೆ ಮೊದಲು ಗಾಡಿ ಹೊಂಡಕ್ಕೆ ಹೋಗ್ತದೆ, ಅವಳೂ ಹೋಗ್ತಾಳೆ."

ರಾಜೀವಿ ಕೈಯಲ್ಲಿದ್ದ ಬೀಜವನ್ನು ಬುಟ್ಟಿಗೆ ಹಾಕಿದಳು. "ಒಂದು, ಎರಡು ಎಲ್ಲ ನನಗೆ ಹೇಳ್ಲಿಕ್ಕೆ ಗೊತ್ತಾಗ್ಲಿಕ್ಕಿಲ್ಲ. ನೀವೇ ಹೇಳಿ."

ಪಿಕಪ್ಪಿನ ಎಂಜಿನ್ನು ತಣಿಯುತ್ತ ಟಿಕ್ ಟಿಕ್ ಎನ್ನುತ್ತಿತ್ತು.

"ಕರಿ ಅವಳನ್ನು" ಎಂದ. "ಈ ಬದಿಗೆ ಬರ್ಲಿಕ್ಕೆ ಹೇಳು. ಆ ಬದಿಯಲ್ಲಿ ನಿಂತ್ರೆ ನನಗೆ ಗೊತ್ತಾಗುವುದಿಲ್ಲ."

ರಾಜೀವಿ ಹಲಸಿನ ಬೀಜದ ಬುಟ್ಟಿಯನ್ನು ಆಚೆ ಸರಿಸಿ, ಅವನ ಬಲಕ್ಕೆ ಇನ್ನೊಬ್ಬರು ಕೂರುವಷ್ಟು ಜಾಗ ಮಾಡಿ, ಸೊಸೆಯನ್ನು ಕರೆಯಲು ಎದ್ದಳು.